ನೆಲ ಕಂಡ ಮೇಲೆ: ದೂರದ ಬಂದರುಗಳ ಹಾಯಿಯಾನದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ನಡುಗಡಲಿನ ಬಿರುಗಾಳಿಯ ಬಗ್ಗೆ ಕೇಳಿದವರು ಒಬ್ಬರೂ ಇಲ್ಲ. ಎಲ್ಲವೂ ಕೊನೆಯ ಹನ್ನೆರಡು ಮೈಲಿಯ ಪ್ರಶ್ನೆಗಳೇ: ಕಾಗದಪತ್ರ, ಹವಳದ ದಿಬ್ಬ, ಲಂಗರು, ಡೀಸೆಲ್. ಗಮನ ಸರಿಯಾದ ಕಡೆಗೇ ಹೋಗಿದೆ. ಜನ ಹೆಚ್ಚು ಹೋಗದ ಬಂದರುಗಳಿಗೆ ಹೊರಟ ದೋಣಿಗಳು ಕೆಡುವುದು ಬಹುಪಾಲು ನೆಲ ಕಂಡ ಮೇಲೆಯೇ. ಇಲ್ಲಿ ಮೈಲಿ ಎಂದಿರುವಲ್ಲೆಲ್ಲ ನಾಟಿಕಲ್ ಮೈಲಿ, ಅಂದರೆ 1,852 ಮೀಟರ್.

ಪ್ರಶ್ನೆ: ಗಲಾಪಗೋಸ್‌ನಿಂದ ಪೆಸಿಫಿಕ್ ಸಾಗರದ ಮಾರ್ಕೆಸಸ್ ದ್ವೀಪಗಳಿಗೆ ಹೊರಟಿದ್ದೇವೆ. ಗಾಳಿಯ ಲೆಕ್ಕದಲ್ಲಿ ಮೊದಲು ಅಲ್ಲಿನ ಫಾಟು ಹಿವಾ ದ್ವೀಪಕ್ಕೆ ಹೋಗುವುದೇ ಸುಲಭ. ಅಲ್ಲಿ ಎರಡು ದಿನ ನಿಂತು, ಆಮೇಲೆ ಪಕ್ಕದ ಹಿವಾ ಓವಾಕ್ಕೆ ಹೋಗಿ ದೇಶ ಪ್ರವೇಶದ ಕಾಗದ ಮಾಡಿಸಬಹುದೇ? (ಇಬ್ಬರು, 38 ಅಡಿ ದೋಣಿ)

ಉತ್ತರ: ಆಸೆ ಅರ್ಥವಾಗುತ್ತದೆ. ಹತ್ತಿರಹತ್ತಿರ 3,000 ಮೈಲಿ ಬಂದವರಿಗೆ ಫಾಟು ಹಿವಾ ಗಾಳಿಯ ಮೇಲ್ಬದಿಯಲ್ಲಿ ಕಾಣುತ್ತದೆ. ಹಿವಾ ಓವಾಕ್ಕೆ ಹೋಗಿಬಿಟ್ಟರೆ ಮತ್ತೆ ಗಾಳಿಗೆ ಎದುರಾಗಿ ಹಿಂದಿರುಗಬೇಕು. ಆದರೂ ಉತ್ತರ ಒಂದೇ: ನಿಲ್ಲಬೇಡಿ. ಫಾಟು ಹಿವಾ ಪ್ರವೇಶ ಬಂದರಲ್ಲ. ಹಿವಾ ಓವಾದ ಅಟುವೊನಾ ಅಥವಾ ನುಕು ಹಿವಾದ ತೈಯೊಹಾಯೆಯಲ್ಲಿ ಹಾಜರಿ ಹಾಕಿದ ಮೇಲೆಯೇ ಉಳಿದ ಕೊಲ್ಲಿಗಳು.

ಹಲವರು ಮಾಡುವ ವಾದವೆಂದರೆ, ‘ಕರಾವಳಿಯಿಂದ 12 ಮೈಲಿಯೊಳಗೂ ಹಾದುಹೋಗುವ ಹಕ್ಕಿದೆಯಲ್ಲ!’ ಹಕ್ಕಿರುವುದು ಹಾದುಹೋಗಲು. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ, ಸಾಮಾನ್ಯ ಸಂಚಾರದ ಭಾಗವಾಗಿ, ಅನಿವಾರ್ಯ ಕಾರಣಕ್ಕೆ, ಅಪಾಯದಲ್ಲಿದ್ದಾಗ ಅಥವಾ ಅಪಾಯದಲ್ಲಿರುವವರಿಗೆ ನೆರವಾಗಲು ಮಾತ್ರ ನಿಲ್ಲಬಹುದು, ಲಂಗರು ಹಾಕಬಹುದು. ‘ಜಾಗ ಚೆನ್ನಾಗಿದೆ’ ಎನ್ನುವುದು ಆ ಪಟ್ಟಿಯಲ್ಲಿಲ್ಲ.

ನಿಜಕ್ಕೂ ಚುಕ್ಕಾಣಿ ಮುರಿದು ನಿಲ್ಲಲೇಬೇಕಾದರೆ ಕ್ರಮ ಹೀಗೆ: ದೋಣಿಯ ವಿಎಚ್‌ಎಫ್ ರೇಡಿಯೊದ ಚಾನೆಲ್ 16ರಲ್ಲಿ ಕರೆದು ದೋಣಿಯ ಹೆಸರು, ಏನು ಕೆಟ್ಟಿದೆ, ಎಷ್ಟು ಹೊತ್ತು ಬೇಕು ಎಂದು ಹೇಳಿ ಅನುಮತಿ ಕೇಳಿ. ಹಾಯಿಕಂಬದ ಬಲಬದಿಯ ಅಡ್ಡತೋಳಿಗೆ (ಸ್ಪ್ರೆಡರ್) ಹಳದಿ ಕ್ಯೂ ಬಾವುಟ ಏರಿಸಿ. ‘ದೋಣಿಯಲ್ಲಿ ರೋಗವಿಲ್ಲ, ಪ್ರವೇಶಕ್ಕೆ ಅನುಮತಿ ಕೊಡಿ’ ಎನ್ನುವುದು ಅದರ ಅರ್ಥ. ಯಾರೂ ದಡಕ್ಕೆ ಇಳಿಯಬೇಡಿ. ಲಾಗ್ ಪುಸ್ತಕದಲ್ಲಿ ಸಮಯ, ಸ್ಥಾನ ಬರೆಯಿರಿ, ಮುರಿದ ಭಾಗದ ಫೋಟೊ ತೆಗೆದಿಡಿ. ರಿಪೇರಿ ಮುಗಿದ ಕೂಡಲೇ ಹೊರಡಿ.

ಗುಟ್ಟಾಗಿ ನಿಂತವರು ಸಿಕ್ಕಿಬೀಳುವುದು ಯಾರೋ ನೋಡಿದ್ದರಿಂದಲೇ ಆಗಬೇಕಿಲ್ಲ. ಹಿಂದಿನ ಬಂದರಿನ ನಿರ್ಗಮನ ಪತ್ರದಲ್ಲಿ ಹೊರಟ ದಿನಾಂಕ ಇರುತ್ತದೆ. ಲ್ಯಾಟಿನ್ ಅಮೆರಿಕದ ಬಂದರುಗಳಲ್ಲಿ ಅದನ್ನು ‘ಸಾರ್ಪೆ’ ಎನ್ನುತ್ತಾರೆ. ಅಷ್ಟು ಮೈಲಿಗೆ ಎಷ್ಟು ದಿನ ಹಿಡಿಯುತ್ತದೆ ಎಂಬ ಲೆಕ್ಕ ಮೇಜಿನ ಆಚೆ ಕೂತವರಿಗೂ ಬರುತ್ತದೆ.

ಪ್ರಶ್ನೆ: ದೋಣಿಗೆ ರಬ್ಬರ್ ಮೊಹರು ಮಾಡಿಸಬೇಕಂತೆ. ನಗೆಪಾಟಲಲ್ಲವೇ?

ಉತ್ತರ: ಅಲ್ಲ. ಹೆಸರು, ನೋಂದಣಿ ಸಂಖ್ಯೆ, ಧ್ವಜದ ದೇಶ, ಇಷ್ಟಿದ್ದರೆ ಸಾಕು. ಕಾನೂನು ಎಲ್ಲೆಡೆ ಕೇಳುವುದಿಲ್ಲ, ಆದರೆ ವರ್ಷಕ್ಕೆ ಕೆಲವೇ ದೋಣಿ ನೋಡುವ ಕಚೇರಿಯಲ್ಲಿ ಸರಕು ಹಡಗಿಗೆ ಮಾಡಿದ ನಮೂನೆಯನ್ನೇ ನಿಮ್ಮ ಮುಂದಿಡುತ್ತಾರೆ. ಅದರಲ್ಲಿ ಮೊಹರಿಗೆ ಒಂದು ಚೌಕ ಇದ್ದೇ ಇರುತ್ತದೆ. ಚೌಕ ಖಾಲಿ ಉಳಿದರೆ ಅವರಿಗೆ ಸಮಾಧಾನವಿಲ್ಲ. ಸಿಬ್ಬಂದಿ ಪಟ್ಟಿಯ ಹತ್ತು ಪ್ರತಿ ಮೊದಲೇ ಮುದ್ರಿಸಿಡಿ. ದ್ವೀಪದಲ್ಲಿ ಪ್ರಿಂಟರ್ ಇರಬಹುದು, ಶಾಯಿ ಇರಬೇಕೆಂದೇನಿಲ್ಲ.

ಪ್ರಶ್ನೆ: ಅಟಾಲ್‌ನ ಕಂಡಿಯ ಹೊರಗೆ ಕಾದೆವು. ಉಬ್ಬರ-ಇಳಿತದ ಪಟ್ಟಿಯ ಪ್ರಕಾರ ನೀರು ನಿಶ್ಚಲವಾಗಿರಬೇಕಾದ ಹೊತ್ತಿಗೂ ಒಳಗಿನಿಂದ ಹೊಳೆಯಂತೆ ಹರಿದು ಬರುತ್ತಿತ್ತು. ಪಟ್ಟಿ ತಪ್ಪೇ?

ಉತ್ತರ: ಪಟ್ಟಿ ತಪ್ಪಲ್ಲ. ಅದು ಹೇಳುವುದು ಹೊರಗಿನ ಕಡಲು ಎಷ್ಟು ಹೊತ್ತಿಗೆ ಏರಿ ಇಳಿಯುತ್ತದೆ ಎನ್ನುವುದನ್ನು ಮಾತ್ರ. ಕಂಡಿಯಲ್ಲಿ ನೀರು ಯಾವಾಗ ನಿಲ್ಲುತ್ತದೆ ಎನ್ನುವುದು ಬೇರೆ ಸಂಗತಿ.

ಅಟಾಲ್ ಎಂದರೆ ಹವಳದ ಉಂಗುರ, ನಡುವೆ ಒಳಗಡಲು. ಗಾಳಿ ಬೀಸುವ ಬದಿಯ ದಿಬ್ಬ ಹಲವು ಕಡೆ ನೀರಿನ ಮಟ್ಟಕ್ಕೇ ಇರುತ್ತದೆ. ನಾಲ್ಕಾರು ದಿನ ಜೋರು ಗಾಳಿ ಬೀಸಿ, ಎರಡು ಮೀಟರ್ ಹೆದ್ದೆರೆ ಆ ದಿಬ್ಬದ ಮೇಲಿಂದ ಹಗಲು ರಾತ್ರಿ ಒಳಗೆ ಸುರಿಯುತ್ತಿದ್ದರೆ ಒಳಗಡಲಿನ ಮಟ್ಟ ಹೊರಗಿಗಿಂತ ಮೇಲೇರುತ್ತದೆ. ತುಂಬಿದ ಬೋಗುಣಿಗೆ ಒಂದೇ ತೂತು, ಅದೇ ನಿಮ್ಮ ಕಂಡಿ. ಹೊರಗೆ ಉಬ್ಬರ ಏರಿದರೂ ನೀರು ಹೊರಗೇ ಹರಿಯುತ್ತದೆ. ಹೆಚ್ಚೆಂದರೆ ಹರಿವು ಸ್ವಲ್ಪ ತಗ್ಗುತ್ತದೆ. ಒಂದೇ ಕಂಡಿಯ ದೊಡ್ಡ ಅಟಾಲ್‌ಗಳಲ್ಲಿ ಇದು ತೀವ್ರ. ಫ್ರೆಂಚ್ ಪಾಲಿನೇಷ್ಯಾದ ಟುವಾಮೊಟು ದ್ವೀಪಸಮೂಹದ ಹಾವೊ ಅಟಾಲ್ ಈ ವಿಷಯದಲ್ಲಿ ಹೆಸರುವಾಸಿ.

ಹಾಗಾಗಿ ಪಟ್ಟಿಯ ಜೊತೆಗೆ ಹಿಂದಿನ ನಾಲ್ಕು ದಿನದ ಗಾಳಿ, ಅಲೆಗಳ ದಾಖಲೆಯನ್ನೂ ನೋಡಿ. ಕಂಡಿಯ ಹೊರಗೆ ಅರ್ಧ ಮೈಲಿ ದೂರದಲ್ಲಿ ನಿಂತು ದುರ್ಬೀನಿನಲ್ಲಿ ಹದಿನೈದು ನಿಮಿಷ ಗಮನಿಸಿ. ಹೊರಬರುವ ಹರಿವು ಎದುರು ಗಾಳಿಗೆ ಸಿಕ್ಕಿದರೆ ಅಲೆಗಳು ಮುಂದೆ ಬಾರದೆ ನಿಂತಲ್ಲೇ ಎದ್ದು ಬೀಳುತ್ತವೆ. ಕಂಡಿಯ ಅಡ್ಡಕ್ಕೂ ಹಾಗಿದ್ದರೆ ಆ ಹೊತ್ತು ಬೇಡ. ಒಂದು ಅಂಚಿನಲ್ಲಿ ನಯವಾದ ಪಟ್ಟಿ ಉಳಿದಿದ್ದರೆ ಯೋಚಿಸಬಹುದು.

ಲೆಕ್ಕವನ್ನೂ ಮಾಡಿ. ಎಂಜಿನ್ನಿನಲ್ಲಿ ನಿಮ್ಮ ವೇಗ 5.5 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಒಂದು ಮೈಲಿ), ಎದುರು ಹರಿವು 4 ನಾಟ್ ಎಂದುಕೊಳ್ಳಿ. ನೆಲದ ಲೆಕ್ಕದಲ್ಲಿ ಉಳಿಯುವುದು 1.5 ನಾಟ್. 600 ಮೀಟರ್ ಉದ್ದದ ಕಂಡಿ ದಾಟಲು ಸುಮಾರು 13 ನಿಮಿಷ. ಆ ಹದಿಮೂರು ನಿಮಿಷವೂ ಎಂಜಿನ್ ಪೂರ್ತಿ ಭಾರದಲ್ಲಿ ಓಡಬೇಕು, ಎರಡೂ ಬದಿಗೆ ಹವಳ. ಎದುರು ಹರಿವು ಎಂಜಿನ್ ವೇಗದ ಅರ್ಧ ಮೀರಿದರೆ ಕಾಯುವುದೇ ಲೇಸು.

ಹಿಂದಿನಿಂದ ತಳ್ಳುವ ಹರಿವು ಇನ್ನೂ ಕೆಟ್ಟದ್ದು. ಸಲೀಸಾಗಿ ಒಳಗೆ ಎಳೆದುಕೊಳ್ಳುತ್ತದೆ ನಿಜ, ಆದರೆ ಮನಸ್ಸು ಬದಲಾದರೆ ನಿಲ್ಲಿಸುವ ದಾರಿಯಿಲ್ಲ. ಒಂದು ನಾಟ್‌ನಷ್ಟು ಸಣ್ಣ ಎದುರು ಹರಿವು ಎಲ್ಲಕ್ಕಿಂತ ಒಳ್ಳೆಯದು: ಚುಕ್ಕಾಣಿಗೆ ನೀರು ಸಿಗುತ್ತದೆ, ಬೇಕೆಂದರೆ ನಿಂತಲ್ಲೇ ನಿಲ್ಲಬಹುದು.

ಬೆಳಕಿನ ವಿಷಯದಲ್ಲಿ ರಾಜಿ ಬೇಡ. ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರ ಒಳಗೆ, ಸೂರ್ಯ ಬೆನ್ನ ಹಿಂದೆ ಅಥವಾ ನೆತ್ತಿಯ ಮೇಲೆ ಇರಬೇಕು. ಪೋಲರೈಸ್ಡ್ ಕನ್ನಡಕ ಹಾಕಿಕೊಂಡ ಒಬ್ಬರು ಹಾಯಿಕಂಬದ ಮೇಲೆ ಎತ್ತರದಲ್ಲಿ ನಿಲ್ಲಬೇಕು. ಕಡುನೀಲಿ ಆಳ, ತಿಳಿಹಸಿರು ಮರಳಿನ ಮೇಲಿನ ತೆಳುನೀರು, ಕಂದು ಎಂದರೆ ಹವಳ ಕೈಗೆಟುಕುವಷ್ಟು ಹತ್ತಿರ. ಮೋಡದ ನೆರಳು ಬಿದ್ದರೆ ಈ ಬಣ್ಣಗಳೆಲ್ಲ ಒಂದೇ ಆಗಿಬಿಡುತ್ತವೆ.

ಪ್ರಶ್ನೆ: ಲಂಗರು ಹಾಕಿ ಮಲಗಿದ್ದೇವೆ, ಪರದೆಯ ಮೇಲೆ ದೋಣಿ ತೆಂಗಿನ ತೋಪಿನ ನಡುವೆ ಕಾಣುತ್ತಿದೆ. ಜಿಪಿಎಸ್ ಕೆಟ್ಟಿದೆಯೇ?

ಉತ್ತರ: ಜಿಪಿಎಸ್ ಸರಿಯಾಗಿಯೇ ಇದೆ, ನಕ್ಷೆ ಹಳೆಯದು. ದೂರದ ದ್ವೀಪಗಳ ಎಷ್ಟೋ ನಕ್ಷೆಗಳು ಉಪಗ್ರಹ ಬರುವ ಮೊದಲೇ, ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ಆಳ ನೋಡಿ ಬರೆದವು. ದ್ವೀಪದ ಆಕಾರ ಸರಿ ಇರುತ್ತದೆ, ಇಡೀ ದ್ವೀಪವೇ ನೂರಾರು ಮೀಟರ್ ಸರಿದಿರುತ್ತದೆ. ಎಲೆಕ್ಟ್ರಾನಿಕ್ ನಕ್ಷೆಯಲ್ಲಿ ನಂಬಿಕೆಯ ದರ್ಜೆ ಬರೆದಿರುತ್ತಾರೆ: ಎ1 ಆದರೆ ಸುಮಾರು 5 ಮೀಟರ್, ಎ2 ಆದರೆ 20, ಬಿ ಆದರೆ 50, ಸಿ ಆದರೆ 500 ಮೀಟರ್ ವ್ಯತ್ಯಾಸ ಇರಬಹುದು. ಡಿ ಎಂದರೆ ಅದಕ್ಕಿಂತಲೂ ಹೆಚ್ಚು. ನೀವು ಹೋಗುವ ಜಾಗಗಳು ಬಹುಪಾಲು ಸಿ ಅಥವಾ ಡಿ. 500 ಮೀಟರ್ ತಪ್ಪಿರಬಹುದಾದ ನಕ್ಷೆ ಹಿಡಿದು 80 ಮೀಟರ್ ಅಗಲದ ಕಂಡಿಗೆ ರಾತ್ರಿ ಹೋಗುವುದನ್ನು ನಾವಂತೂ ಸಾಹಸ ಎನ್ನುವುದಿಲ್ಲ.

ಉಪಗ್ರಹ ಚಿತ್ರಗಳನ್ನು ಮೊದಲೇ ಇಳಿಸಿಕೊಂಡು, ನಕ್ಷೆಯ ತಂತ್ರಾಂಶದಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ರಾಡಾರ್ ಇದ್ದರೆ ಅದು ತೋರಿಸುವ ದಡದ ಗೆರೆಯನ್ನು ನಕ್ಷೆಯ ಮೇಲೆ ಹೊಂದಿಸಿದಾಗ ಎಷ್ಟು ಸರಿದಿದೆ ಎನ್ನುವುದು ಕಣ್ಣಿಗೇ ಕಾಣುತ್ತದೆ.

ಇನ್ನೊಂದು ಮೋಸ ಝೂಮ್‌ನದು. 29 ನವೆಂಬರ್ 2014ರ ರಾತ್ರಿ, ಜಗತ್ತು ಸುತ್ತುವ ವೋಲ್ವೋ ಓಷನ್ ರೇಸ್‌ನಲ್ಲಿದ್ದ ‘ವೆಸ್ಟಾಸ್ ವಿಂಡ್’ ಹಿಂದೂ ಮಹಾಸಾಗರದ ಕಾರ್ಗಾಡೊಸ್ ಕರಾಜೊಸ್ ಹವಳದ ದಿಬ್ಬಕ್ಕೆ ಪೂರ್ತಿ ವೇಗದಲ್ಲಿ ಬಡಿಯಿತು. ನುರಿತ ತಂಡ, ಒಳ್ಳೆಯ ಉಪಕರಣ. ಆದರೆ ಅವರು ನೋಡುತ್ತಿದ್ದ ಝೂಮ್ ಮಟ್ಟದಲ್ಲಿ ಆ ದಿಬ್ಬದ ಅಪಾಯ ಕಾಣಿಸುವಂತಿರಲಿಲ್ಲ. ಅದೃಷ್ಟಕ್ಕೆ ಒಂಬತ್ತು ಜನರೂ ಬದುಕಿದರು. ಹೊರಡುವ ಹಿಂದಿನ ದಿನ ಕೂತು, ಹೋಗುವ ದಾರಿಯ ಗೆರೆಯನ್ನು ಅತಿ ಹತ್ತಿರದ ಝೂಮ್‌ನಲ್ಲಿ ಮೊದಲಿಂದ ಕೊನೆಯವರೆಗೆ ಉರುಳಿಸಿ ನೋಡಿ. ಬೇಸರದ ಕೆಲಸ, ಎರಡು ಗಂಟೆ ಹಿಡಿಯುತ್ತದೆ.

ಪ್ರಶ್ನೆ: ಹವಳವಿರುವ ಕಡೆ ಲಂಗರಿನ ಸರಪಳಿ ಸಿಕ್ಕಿಹಾಕಿಕೊಂಡು, ಅದು ಹಾದು ಇಳಿಯುವ ದೋಣಿಯ ಮುಂದಿನ ರೋಲರ್ ಬಗ್ಗಿತು. ಇದನ್ನು ತಪ್ಪಿಸುವುದು ಹೇಗೆ? (10 ಮಿ.ಮೀ. ಸರಪಳಿ, 70 ಮೀಟರ್)

ಉತ್ತರ: ಗಾಳಿ ತಿರುಗಿದಂತೆ ದೋಣಿ ಸುತ್ತುತ್ತದೆ, ತಳದಲ್ಲಿ ಬಿದ್ದ ಸರಪಳಿ ಹವಳದ ಗುಂಡುಗಳಿಗೆ ಸುತ್ತಿಕೊಳ್ಳುತ್ತದೆ. 55 ಮೀಟರ್ ಬಿಟ್ಟಿದ್ದೇನೆ ಎಂದು ನೀವು ನಿದ್ದೆ ಹೋಗಿರುತ್ತೀರಿ, ನಿಜಕ್ಕೂ ದೋಣಿಗೆ ಉಳಿದಿರುವುದು 15 ಮೀಟರ್, ಅದೂ ನೇರ ಕೆಳಕ್ಕೆ. ಅಲೆ ಬಂದು ಮೂತಿ ಮೇಲೇಳಬೇಕಾದಾಗ ಸರಪಳಿ ಬಿಡುವುದಿಲ್ಲ. ರೋಲರ್ ಬಗ್ಗುವುದು ಆಗಲೇ.

ಉಪಾಯ, ಸರಪಳಿಯನ್ನು ತೇಲಿಸುವುದು. ಮರಳಿನ ತುಂಡು ಹುಡುಕಿ ಲಂಗರು ಬಿಡಿ, ಹಿಮ್ಮುಖವಾಗಿ ಎಂಜಿನ್ ಕೊಟ್ಟು ಕಚ್ಚಿಸಿ. 12 ಮೀಟರ್ ಆಳವಾದರೆ ಮೊದಲ 20 ಮೀಟರ್ ಸರಪಳಿ ತಳದಲ್ಲೇ ಇರಲಿ. ಎಳೆತ ಅಡ್ಡಡ್ಡವಾಗಿ ಬಂದರೆ ತಾನೇ ಲಂಗರು ಹಿಡಿಯುವುದು. ಅಲ್ಲಿಂದ ಮುಂದೆ ಆರಾರು ಮೀಟರಿಗೆ ಒಂದು ತೇಲುಗುಂಡು ಕಟ್ಟಿ. 10 ಮಿ.ಮೀ. ಸರಪಳಿ ಮೀಟರಿಗೆ ಸುಮಾರು 2.3 ಕಿಲೊ, ನೀರಿನೊಳಗೆ ಎರಡು ಕಿಲೊ. ಆರು ಮೀಟರಿಗೆ 12 ಕಿಲೊ ಆಯಿತು. 30 ಸೆಂ.ಮೀ. ವ್ಯಾಸದ ಗಟ್ಟಿ ತೇಲುಗುಂಡು ಸರಿಸುಮಾರು ಅಷ್ಟನ್ನೇ ಎತ್ತುತ್ತದೆ. ಮುತ್ತಿನ ಕೃಷಿಯವರು ಬಳಸುವ ಇಂಥ ಗುಂಡುಗಳು ಟುವಾಮೊಟುವಿನ ದಡಗಳಲ್ಲಿ ಬಿದ್ದಿರುತ್ತವೆ. ಮಿತಿಮೀರಿ ಕಟ್ಟಬೇಡಿ. ಸರಪಳಿ ತಳದಿಂದ ಎರಡು ಮೂರು ಮೀಟರ್ ಮೇಲೆ ತೂಗಾಡಿದರೆ ಸಾಕು, ಮೇಲ್ಮೈಗೆ ಬಂದರೆ ಬೇರೆಯವರ ಪ್ರೊಪೆಲರ್‌ಗೆ ಸಿಗುತ್ತದೆ. ಪ್ರತಿ ಗುಂಡಿಗೂ ಗಿಡ್ಡ ಹಗ್ಗ, ಒಂದು ಸ್ಪ್ರಿಂಗ್ ಕೊಕ್ಕೆ ಇರಲಿ. ಎಳೆಯುವಾಗ ಒಂದೊಂದೇ ಬಿಚ್ಚಿಕೊಳ್ಳಬಹುದು.

ಇದರ ಜೊತೆಗೆ ಸ್ನಬರ್, ಅಂದರೆ ಸರಪಳಿಯ ಜಗ್ಗಾಟ ತಾಳಲು ದೋಣಿಯಿಂದ ಅದಕ್ಕೆ ಕಟ್ಟುವ 8ರಿಂದ 10 ಮೀಟರ್ ನೈಲಾನ್ ಹಗ್ಗ ಕಡ್ಡಾಯ. ಸರಪಳಿ ಹಿಗ್ಗುವುದಿಲ್ಲ, ನೈಲಾನ್ ಹಿಗ್ಗುತ್ತದೆ.

ಆಗಲೇ ಸಿಕ್ಕಿಕೊಂಡಿದ್ದರೆ ಸರಪಳಿ ಎತ್ತುವ ಯಂತ್ರದಿಂದ (ವಿಂಡ್ಲಾಸ್) ಎಳೆಯಬೇಡಿ, ಅದರ ಶಾಫ್ಟ್ ಹೋಗುತ್ತದೆ. ಈಜಿನ ಮುಖವಾಡ ಹಾಕಿಕೊಂಡು ಒಬ್ಬರು ನೀರಿಗಿಳಿದು ಯಾವ ಕಡೆಯಿಂದ ಸುತ್ತಿದೆ ನೋಡಲಿ. ಚುಕ್ಕಾಣಿಯವರು ಪ್ರೊಪೆಲರ್ ನ್ಯೂಟ್ರಲ್‌ನಲ್ಲಿಟ್ಟು ಅವರ ಕೈಸನ್ನೆಗೆ ಕಾಯಲಿ. ಅವರು ಡಿಂಗಿಗೆ (ದಡಕ್ಕೆ ಹೋಗಿಬರುವ ಪುಟ್ಟ ದೋಣಿ) ಹತ್ತಿದ ಮೇಲೆಯೇ ದೋಣಿಯನ್ನು ಸುತ್ತಿದ ದಿಕ್ಕಿಗೆ ವಿರುದ್ಧವಾಗಿ ನಿಧಾನಕ್ಕೆ ಒಯ್ಯಿರಿ.

ಪ್ರಶ್ನೆ: ಪಿಟ್‌ಕೇರ್ನ್, ಸೇಂಟ್ ಹೆಲೆನಾ, ಪಾಮರ್‌ಸ್ಟನ್ ದ್ವೀಪಗಳು. ಮೂರರಲ್ಲೂ ದೋಣಿಯನ್ನು ಖಾಲಿ ಬಿಟ್ಟು ಇಬ್ಬರೂ ಒಟ್ಟಿಗೆ ದಡಕ್ಕೆ ಹೋಗಬಹುದೇ?

ಉತ್ತರ: ಸೇಂಟ್ ಹೆಲೆನಾದಲ್ಲಿ ಹೋಗಬಹುದು. ಜೇಮ್ಸ್ ಕೊಲ್ಲಿಯಲ್ಲಿ ದೋಣಿ ಕಟ್ಟಲೆಂದೇ ತೇಲುಬೋಯಿಗಳಿವೆ, ದಡಕ್ಕೆ ಕರೆದೊಯ್ಯುವ ದೋಣಿಯೂ ಇದೆ. ಇಳಿಯುವ ಮೆಟ್ಟಿಲಿನ ಮೇಲೆ ಹಗ್ಗಗಳು ತೂಗುತ್ತಿರುತ್ತವೆ. ಅಲೆ ಏರಿದ ಕ್ಷಣ ಹಗ್ಗ ಹಿಡಿದು ಒಂದೇ ಹೆಜ್ಜೆಗೆ ಮೆಟ್ಟಿಲಿಗೆ ಕಾಲಿಡಬೇಕು, ಎರಡು ಮನಸ್ಸು ಕೂಡದು. ಚೀಲವನ್ನು ಬೆನ್ನಿಗೆ ಹಾಕಿ, ಕೈ ಖಾಲಿ ಇರಲಿ. ವೈದ್ಯಕೀಯ ವಿಮೆಯ ಪತ್ರ ಕೇಳುತ್ತಾರೆ, ಮರೆಯಬೇಡಿ.

ಪಿಟ್‌ಕೇರ್ನ್‌ನಲ್ಲಿ ಬೇಡ. ಸುಮಾರು ಐವತ್ತು ಜನರ ಆ ದ್ವೀಪಕ್ಕೆ ಮರೆಯಾದ ಬಂದರೇ ಇಲ್ಲ. ಬೌಂಟಿ ಕೊಲ್ಲಿ ಬಯಲಿಗೆ ತೆರೆದ ಜಾಗ, ಗಾಳಿ ತಿರುಗಿದರೆ ದ್ವೀಪದ ಇನ್ನೊಂದು ಬದಿಗೆ ಹೋಗಬೇಕು. ಸರದಿಯಲ್ಲಿ ಇಳಿಯಿರಿ, ನಿಮ್ಮ ಡಿಂಗಿಯ ಬದಲು ದ್ವೀಪದವರ ಉದ್ದದೋಣಿಯಲ್ಲಿ ಹೋಗಿ. ಪಾಮರ್‌ಸ್ಟನ್‌ನಲ್ಲಿ ದೋಣಿ ನಿಲ್ಲುವುದು ಪಶ್ಚಿಮದ ದಿಬ್ಬದ ಹೊರಗೆ. ಪೂರ್ವದ ಗಾಳಿ ಇರುವವರೆಗೆ ದಿಬ್ಬ ಮರೆ ಕೊಡುತ್ತದೆ. ಗಾಳಿ ಪಶ್ಚಿಮಕ್ಕೆ ತಿರುಗಿತೋ, ಅದೇ ದಿಬ್ಬ ನಿಮ್ಮ ಬೆನ್ನಿಗೆ. ಊಟದ ನಡುವೆಯಾದರೂ ಎದ್ದು ಬರಬೇಕಾಗುತ್ತದೆ.

ಇಂಥ ಬಯಲು ನಿಲ್ದಾಣದಲ್ಲಿ ದೋಣಿ ವಿಪರೀತ ಹೊರಳುವುದೇಕೆಂದರೆ ಗಾಳಿ ಒಂದು ಕಡೆಯಿಂದ, ಹೆದ್ದೆರೆ ಇನ್ನೊಂದು ಕಡೆಯಿಂದ. ಮೂತಿ ಗಾಳಿಗೆ ತಿರುಗಿ, ಅಲೆ ಬದಿಗೆ ಬಡಿಯುತ್ತದೆ. ಮೂತಿಯ ಬಳಿ ಸರಪಳಿಗೆ ಒಂದು ಹಗ್ಗವನ್ನು ರೋಲಿಂಗ್ ಹಿಚ್ ಗಂಟಿನಲ್ಲಿ ಕಟ್ಟಿ, ಅದನ್ನು ದೋಣಿಯ ಹೊರಗಿನಿಂದ ಹಿಂಬದಿಯ ವಿಂಚ್‌ಗೆ (ಹಗ್ಗ ಸುತ್ತಿ ಬಿಗಿಯುವ ಉರುಳೆ) ತನ್ನಿ. ಈಗ ಸರಪಳಿ ಇನ್ನೂ ಎಂಟು ಹತ್ತು ಮೀಟರ್ ಬಿಡಿ. ಎಳೆತ ಮೂತಿ ಮತ್ತು ಹಿಂಬದಿಯ ನಡುವೆ ಹಂಚಿಹೋಗಿ ದೋಣಿ ಓರೆಯಾಗಿ ನಿಲ್ಲುತ್ತದೆ. ವಿಂಚ್ ಬಿಗಿ ಮಾಡುತ್ತ ಬಂದರೆ ಮೂತಿ ಅಲೆಗೆ ಎದುರಾಗುತ್ತದೆ. ಗಾಳಿ ಜೋರಾದರೆ ಹಗ್ಗ ಬಿಟ್ಟುಬಿಡಿ, ಇಲ್ಲದಿದ್ದರೆ ಬದಿಗೆ ಬೀಳುವ ಗಾಳಿಯ ಭಾರವೆಲ್ಲ ಲಂಗರಿನ ಮೇಲೆ.

ಪ್ರಶ್ನೆ: ಕಡಲಲ್ಲಿ ದಿನವೂ ಒಂದು ಗಂಟೆ ಚೆನ್ನಾಗಿ ಓಡಿದ ಎಂಜಿನ್ ಸರಿಯಾಗಿ ಕಂಡಿಯ ಬಾಯಲ್ಲೇ ನಿಂತಿತು. ದ್ವೀಪದಲ್ಲಿ ಡ್ರಮ್ಮಿನಿಂದ ಡೀಸೆಲ್ ತುಂಬಿಸಿದ್ದೆವು.

ಉತ್ತರ: ಕಂಡಿಯಲ್ಲೇ ನಿಲ್ಲುವುದಕ್ಕೆ ಕಾರಣವಿದೆ. ಡ್ರಮ್ಮಿನ ಡೀಸೆಲ್‌ನಲ್ಲಿ ನೀರು, ತುಕ್ಕು ಇರುತ್ತದೆ, ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿ ಬೆಳೆದು ಲೋಳೆಯಾಗುತ್ತದೆ. ಶಾಂತವಾಗಿದ್ದಾಗ ಇವೆಲ್ಲ ಟ್ಯಾಂಕಿನ ತಳದಲ್ಲಿ ಮಲಗಿರುತ್ತವೆ. ಕಂಡಿಯ ಅಲೆಯಲ್ಲಿ ದೋಣಿ ಕುಲುಕಿದಾಗ ಎದ್ದು ಫಿಲ್ಟರ್ ತುಂಬುತ್ತವೆ. ಎಂಜಿನ್ ಆಗಲೇ ಪೂರ್ತಿ ಭಾರದಲ್ಲಿರುತ್ತದೆ, ಹೆಚ್ಚು ಎಣ್ಣೆ ಕೇಳುತ್ತದೆ, ಸಿಗುವುದಿಲ್ಲ.

ಕೊಳ್ಳುವ ಮೊದಲು ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹಿಡಿದು ಹತ್ತು ನಿಮಿಷ ಇಡಿ. ತಳದಲ್ಲಿ ಗೆರೆ ಕಂಡರೆ ನೀರು. ಪೂರ್ತಿ ಮಬ್ಬಾಗಿದ್ದರೆ ನೀರು ಬೆರೆತುಹೋಗಿದೆ, ಅದು ಬೇಡವೇ ಬೇಡ. ಬೇರೆ ದಾರಿಯಿಲ್ಲದಿದ್ದರೆ 20 ಲೀಟರಿನ ಕ್ಯಾನ್‌ಗಳಲ್ಲಿ ತಂದು ಒಂದು ದಿನ ಅಲುಗಾಡದಂತೆ ಇಡಿ. ನೀರು ತಡೆಯುವ ಜಾಲರಿಯ ಆಲಿಕೆಯಲ್ಲಿ ಟ್ಯಾಂಕಿಗೆ ಸುರಿಯಿರಿ, ಪ್ರತಿ ಕ್ಯಾನಿನ ಕೊನೆಯ ಎರಡು ಲೀಟರ್ ಬಿಟ್ಟುಬಿಡಿ.

ನಿಂತ ಎಂಜಿನ್ನಿಗೆ ಮೊದಲ ಫಿಲ್ಟರಿನ ತಳದ ಬಟ್ಟಲಿನಿಂದ ನೀರು ಇಳಿಸಿ, ಹೊಸ ಫಿಲ್ಟರ್ ಹಾಕಿ ಡೀಸೆಲ್ ತುಂಬಿ. ಎಂಜಿನ್ ಮೇಲಿನ ಎರಡನೇ ಫಿಲ್ಟರಿನ ಗಾಳಿ ತಿರುಪು ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿ, ಬಿಗಿ ಮಾಡಿ. ಆಗಲೂ ಹೊತ್ತಿಕೊಳ್ಳದಿದ್ದರೆ ಇಂಜೆಕ್ಟರ್ ಪೈಪುಗಳ ನಟ್ ಅರ್ಧ ಸುತ್ತು ಸಡಿಲಿಸಿ ಸ್ಟಾರ್ಟರ್ ತಿರುಗಿಸಿ, ಡೀಸೆಲ್ ಚಿಮ್ಮಿದ ಕೂಡಲೇ ಬಿಗಿಮಾಡಿ. ಇಲ್ಲೊಂದು ಎಚ್ಚರ. ಬಹಳ ಹೊತ್ತು ಸ್ಟಾರ್ಟರ್ ತಿರುಗಿಸುವಾಗ ಎಂಜಿನ್ನನ್ನು ತಂಪು ಮಾಡುವ ಸಮುದ್ರ ನೀರಿನ ಕವಾಟ ಮುಚ್ಚಿರಬೇಕು. ಎಂಜಿನ್ ಹೊತ್ತಿಕೊಳ್ಳದೆ ಪಂಪು ಮಾತ್ರ ತಿರುಗುತ್ತಿದ್ದರೆ ನೀರು ಸೈಲೆನ್ಸರ್ ತುಂಬಿ ಹಿಂದಕ್ಕೆ ಸಿಲಿಂಡರಿಗೆ ಹೋಗುತ್ತದೆ, ಆಮೇಲೆ ಫಿಲ್ಟರ್ ಬದಲಿಸಿ ಪ್ರಯೋಜನವಿಲ್ಲ. ಹೊತ್ತಿಕೊಂಡ ಕ್ಷಣ ಕವಾಟ ತೆರೆಯಿರಿ.

ಮುಂದಿನ ಸಲ ಕಂಡಿಯ ಹೊರಗೇ ಇಪ್ಪತ್ತು ನಿಮಿಷ ಎಂಜಿನ್ ಪೂರ್ತಿ ಭಾರದಲ್ಲಿ ಓಡಿಸಿ ನೋಡಿ. ದೊಡ್ಡ ಹಾಯಿ ಏರಿಸಿಕೊಂಡೇ, ಲಂಗರು ಬಿಡಲು ಸಿದ್ಧವಾಗಿಟ್ಟುಕೊಂಡೇ ಒಳಗೆ ಹೋಗಿ.

ಪ್ರಶ್ನೆ: ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ ಎರಡು ವಾರ ನಿಂತಿತ್ತು. ಈಗ ನೀರಿಗೆ ಕೊಳೆತ ಮೊಟ್ಟೆಯ ವಾಸನೆ.

ಉತ್ತರ: ಒಳಗೆ ನಿಂತ ಕಡಲ ನೀರಿನಲ್ಲಿದ್ದ ಜೀವಿಗಳು ಸತ್ತು ಕೊಳೆತಿವೆ. ಒತ್ತಡ ಕೊಡದೆ ಅರ್ಧ ಗಂಟೆ ನೀರು ಹರಿಸಿ, ನಂತರ ಒತ್ತಡ ಕೊಟ್ಟು, ಬಂದ ನೀರನ್ನು ವಾಸನೆ ಹೋಗಿ ಮೀಟರಿನಲ್ಲಿ ಉಪ್ಪಿನಂಶ 500 ಪಿಪಿಎಂಗಿಂತ (ಹತ್ತು ಲಕ್ಷಕ್ಕೆ 500 ಭಾಗ) ಕೆಳಗೆ ಬರುವವರೆಗೆ ಚೆಲ್ಲಿ. ಇನ್ನು ಮೇಲೆ ವಾರಕ್ಕೊಮ್ಮೆಯಾದರೂ ಸಿಹಿನೀರಿನಲ್ಲಿ ತೊಳೆಯಿರಿ. ಆ ನೀರು ದಡದ ನಲ್ಲಿಯದಾದರೆ ಇದ್ದಿಲಿನ ಫಿಲ್ಟರ್ ಮೂಲಕವೇ ಹೋಗಲಿ, ಕ್ಲೋರಿನ್ ಯಂತ್ರದೊಳಗೆ ಉಪ್ಪು ಸೋಸುವ ಪೊರೆಯನ್ನು (ಮೆಂಬ್ರೇನ್) ತಿಂದುಹಾಕುತ್ತದೆ.

ಪ್ರಶ್ನೆ: ದೋಣಿಯ ತಳ ಕೊಳಕಾಗಿದೆ ಎಂದು ದೇಶದೊಳಗೆ ಬಿಡದೆ ಇರುತ್ತಾರೆಯೇ?

ಉತ್ತರ: ಇರುತ್ತಾರೆ, ತಳಕ್ಕೆ ಅಂಟಿಕೊಂಡ ಹೊರಗಿನ ಜೀವಿಗಳು ಒಳಬರಬಾರದೆಂದು. ಗಲಾಪಗೋಸ್‌ನಲ್ಲಿ ಮುಳುಗುಗಾರರು ಇಳಿದು ತಳ ನೋಡುತ್ತಾರೆ. ನ್ಯೂಜಿಲೆಂಡ್‌ನಲ್ಲಿ ಮೇ 2018ರಿಂದ ನಿಯಮವಿದೆ. ತಲುಪುವ ಮೊದಲಿನ 30 ದಿನದೊಳಗೆ ತಳ ಸ್ವಚ್ಛ ಮಾಡಿಸಿದ್ದಕ್ಕೆ ರಸೀದಿ, ದಿನಾಂಕವಿರುವ ಫೋಟೊ ಇಟ್ಟುಕೊಳ್ಳಿ. ಎಲ್ಲರೂ ಬದಿಯನ್ನು ಉಜ್ಜಿ ತೃಪ್ತರಾಗುತ್ತಾರೆ. ಚಿಪ್ಪು ಉಳಿಯುವುದು ತಳದ ನಡುವೆ ಇಳಿಬಿದ್ದ ಕೀಲ್‌ನ ಅಡಿಯಲ್ಲಿ, ಚುಕ್ಕಾಣಿಯ ಸಂದಿಯಲ್ಲಿ, ನೀರು ಎಳೆಯುವ ತೂತಿನ ಜಾಲರಿಯ ಹಿಂದೆ. ಮುಂಚಿತ ಸೂಚನೆಯೂ ಬೇಕು: ನ್ಯೂಜಿಲೆಂಡ್‌ಗೆ ಕನಿಷ್ಠ 48 ಗಂಟೆ ಮೊದಲು, ಆಸ್ಟ್ರೇಲಿಯಾಕ್ಕೆ ಕನಿಷ್ಠ 12 ಗಂಟೆ ಮೊದಲು. ಕೋಕೋಸ್ ದ್ವೀಪಗಳು ನಕ್ಷೆಯಲ್ಲಿ ಎಷ್ಟೇ ದೂರ ಕಂಡರೂ ಆಸ್ಟ್ರೇಲಿಯಾಕ್ಕೇ ಸೇರಿದವು, ವೀಸಾ ಕೈಯಲ್ಲಿಟ್ಟುಕೊಂಡೇ ಹೋಗಬೇಕು.

ಪ್ರಶ್ನೆ: ಫಿಜಿಯ ಹೊರ ದ್ವೀಪದ ಹಳ್ಳಿಗೆ ಏನು ಒಯ್ಯಬೇಕು?

ಉತ್ತರ: ಯಂಗೋನಾ ಬೇರು (ಕಾವಾ ಎಂಬ ಪಾನೀಯ ಮಾಡುವ ಬೇರು), ಅರ್ಧ ಕಿಲೊ, ಪುಡಿಯಲ್ಲ, ಕಟ್ಟಿದ ಕಂತೆ. ದೊಡ್ಡ ಪೇಟೆಯಿಂದ ಹೊರಡುವ ಮೊದಲೇ ಕೊಳ್ಳಿ, ಹೋಗುವ ಪ್ರತಿ ಹಳ್ಳಿಗೂ ಒಂದೊಂದು ಕಂತೆ. ಲಂಗರು ಹಾಕಿದ ಮೇಲೆ ಈಜು, ಮೀನು ಹಿಡಿಯುವುದು ಯಾವುದೂ ಬೇಡ, ಮೊದಲು ಹಳ್ಳಿಯ ಮುಖ್ಯಸ್ಥರಿಗೆ ಅದನ್ನು ಒಪ್ಪಿಸಬೇಕು. ಈ ಕ್ರಮಕ್ಕೆ ಸೆವುಸೆವು ಎನ್ನುತ್ತಾರೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ, ಊರೊಳಗೆ ಟೋಪಿ ಮತ್ತು ಕಪ್ಪು ಕನ್ನಡಕ ತೆಗೆದಿಡಿ. ಕಂತೆಯನ್ನು ಕೈಗೆ ಕೊಡುವ ವಾಡಿಕೆಯಿಲ್ಲ, ಅವರ ಮುಂದೆ ಚಾಪೆಯ ಮೇಲೆ ಇಡಬೇಕು. ಅವರು ಅದನ್ನು ಎತ್ತಿಕೊಂಡರೆ ನಿಮ್ಮನ್ನು ಒಪ್ಪಿಕೊಂಡರು ಎಂದರ್ಥ.